ನುಂಗಿದರೆ ಕಿವಿಗೆ ಹೊಡೆಯುವ ನೋವು

ಗಂಟಲು ನೋವಿಗೆ ನಮ್ಮಲ್ಲಿ ಯಾರೂ ಹೆದರುವುದಿಲ್ಲ. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು, ಅರಿಶಿನದ ಹಾಲು, ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಅಂಗಡಿಯ ಐದು ದಿನದ ಗುಳಿಗೆ. ಬಹುತೇಕ ಸಲ ಅಷ್ಟಕ್ಕೇ ಹೋಗುತ್ತದೆ. ಆದರೆ ಗಂಟಲಿನದೇ ಇನ್ನೊಂದು ನೋವಿದೆ. ಅದರಲ್ಲಿ ಗಂಟಲು ಕೆಂಪಾಗುವುದಿಲ್ಲ, ಬಾವು ಇರುವುದಿಲ್ಲ, ಜ್ವರ ಬರುವುದಿಲ್ಲ. ಉಗುಳು ನುಂಗಿದಾಗ, ತಣ್ಣೀರು ಕುಡಿದಾಗ, ಆಕಳಿಸಿದಾಗ, ಕೆಮ್ಮಿದಾಗ, ಕೆಲವರಿಗೆ ನಾಲ್ಕು ಮಾತಾಡಿದರೂ ಸಾಕು, ನಾಲಿಗೆಯ ಬುಡದಿಂದಲೋ ಟಾನ್ಸಿಲ್ ಇರುವ ಕಡೆಯಿಂದಲೋ ಎದ್ದು ಕಿವಿಯೊಳಕ್ಕೆ ಕರೆಂಟ್ ಹೊಡೆದಂತೆ ಹೊಡೆಯುತ್ತದೆ. ಕೆಲವು ಸೆಕೆಂಡು, ಹೆಚ್ಚೆಂದರೆ ಎರಡು ನಿಮಿಷ. ಆಮೇಲೆ ಪೂರ್ತಿ ಬಿಟ್ಟುಬಿಡುತ್ತದೆ, ಮುಂದಿನ ಗುಟುಕಿಗೆ ಮತ್ತೆ ಬರುತ್ತದೆ. ವೈದ್ಯಶಾಸ್ತ್ರ ಇದನ್ನು ಗ್ಲಾಸೋಫ್ಯಾರಿಂಜಿಯಲ್ ನ್ಯೂರಾಲ್ಜಿಯಾ ಎಂದು ಕರೆಯುತ್ತದೆ. ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಒಂಬತ್ತನೆಯದರ ನೋವು ಇದು. ಈ ನೋವಿದ್ದವರು ಹಸಿವಿದ್ದರೂ ಉಣ್ಣುವುದಿಲ್ಲ. ಖಡಕ್ ರೊಟ್ಟಿ ಬಿಟ್ಟು ಗಂಜಿಗೆ ಇಳಿಯುತ್ತಾರೆ, ಗಂಜಿಯನ್ನೂ ಬಿಡುತ್ತಾರೆ. ಬಿಸಿಲು ನಲವತ್ತು ಡಿಗ್ರಿ ದಾಟುವ ಕಲಬುರಗಿ ಸೀಮೆಯ ಬೇಸಿಗೆಯಲ್ಲಿ ಮಡಕೆಯ ನೀರಿಗೇ ಹೆದರಿ ಕೂರುವುದೆಂದರೆ ಎಂಥ ಶಿಕ್ಷೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇಂಥ ರೋಗದ ಮಾತು ಬಂದೊಡನೆ ಅದು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಬಿಟ್ಟ ವಿಷಯ ಎಂದುಕೊಳ್ಳುತ್ತೇವೆ. ಕಲಬುರಗಿ ಜಿಲ್ಲೆಯ ಯಡ್ರಾಮಿಯಂಥ ಊರಿನಲ್ಲಿ ನರರೋಗ ತಜ್ಞರಿಲ್ಲ, ಎಂಆರ್‌ಐ ಇಲ್ಲ. ಜೇವರ್ಗಿಯಿಂದ ಬೇರೆಯಾಗಿ 2018ರಲ್ಲಷ್ಟೇ ತಾಲೂಕಾದ ಊರು ಅದು. ಮೂಲ ಜೇವರ್ಗಿ ತಾಲೂಕನ್ನೇ 2002ರ ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಗೆ ಸೇರಿಸಿತ್ತು. ಅದೇ ಪಟ್ಟಿಯಲ್ಲಿ ಆಳಂದ, ಅಫಜಲಪುರಗಳೂ ಇದ್ದವು. ಆದರೂ ನಾನು ಹೇಳಬೇಕೆಂದಿರುವುದು ಇದು: ಈ ನೋವನ್ನು ಗುರುತಿಸುವ ಕೆಲಸ ಯಡ್ರಾಮಿಯಲ್ಲೇ ಆಗಬಹುದು, ಅಲ್ಲೇ ಆಗಬೇಕು. ಏಕೆಂದರೆ ಇದರ ಪತ್ತೆಗೆ ಬೇಕಾದ ಮುಖ್ಯ ಸಾಕ್ಷ್ಯವೆಲ್ಲ ರೋಗಿಯ ಬಾಯಲ್ಲಿದೆ. ಮೊದಲ ಔಷಧಿಯೂ ಅಪರೂಪದ್ದಲ್ಲ, ಮೂರ್ಛೆರೋಗಕ್ಕೆ ದಶಕಗಳಿಂದ ಕೊಡುತ್ತ ಬಂದಿರುವ ಗುಳಿಗೆಯೇ ಅದು. ದೂರದ ಊರಿಗೆ ಹೋಗಬೇಕಾಗುವುದು ಅದರ ನಂತರ, ಅದೂ ಕೆಲವರು ಮಾತ್ರ.

ಈ ರೋಗ ಪತ್ತೆಯಾದ ಚರಿತ್ರೆಯೇ ಇದಕ್ಕೆ ಆಧಾರ. 1910ರಲ್ಲಿ ಅಮೆರಿಕದ ಥಿಯೋಡರ್ ವೈಸೆನ್‌ಬರ್ಗ್ ಇಂಥ ನೋವನ್ನು ಮೊದಲು ವಿವರಿಸಿದರು. ಅವರ ರೋಗಿಯಲ್ಲಿ ಮಿದುಳಿನ ಬುಡದ ಗೆಡ್ಡೆಯೊಂದು ಕಾರಣವಾಗಿತ್ತು. 1920ರಲ್ಲಿ ಫ್ರಾನ್ಸಿನ ಸಿಕಾರ್ ಮತ್ತು ರೊಬಿನೋ ಯಾವ ಗೆಡ್ಡೆಯೂ ಇಲ್ಲದ ಮೂವರು ರೋಗಿಗಳ ವಿವರ ಕೊಟ್ಟರು. ಮರುವರ್ಷ ಇಂಗ್ಲೆಂಡಿನ ವಿಲ್ಫ್ರೆಡ್ ಹ್ಯಾರಿಸ್ ಅದಕ್ಕೆ ಇವತ್ತಿನ ಹೆಸರಿಟ್ಟರು. 1927ರಲ್ಲಿ ವಾಲ್ಟರ್ ಡ್ಯಾಂಡಿ ತಲೆಬುರುಡೆಯೊಳಗೆ ಆ ನರವನ್ನು ಕತ್ತರಿಸಿ ನೋವು ನಿಲ್ಲಿಸುವ ಶಸ್ತ್ರಚಿಕಿತ್ಸೆಯನ್ನು ವರದಿ ಮಾಡಿದರು. ಮಿದುಳಿನ ಎಂಆರ್‌ಐ ಬಂದದ್ದು ಇದೆಲ್ಲ ಆಗಿ ಅರ್ಧ ಶತಮಾನ ಕಳೆದ ಮೇಲೆ. ನರವನ್ನು ಕಣ್ಣಿಗೆ ತೋರಿಸುವ ಯಾವ ಸಾಧನವೂ ಇಲ್ಲದ ಕಾಲದಲ್ಲಿ ಆ ವೈದ್ಯರು ರೋಗವನ್ನು ಹಿಡಿದದ್ದು ಎರಡರಿಂದ: ರೋಗಿ ನೋವನ್ನು ಹೇಗೆ ಹೇಳುತ್ತಾನೆ ಎಂದು ಕೂತು ಕೇಳಿದ್ದು, ಮತ್ತು ಗಂಟಲಿಗೆ ಮರಗಟ್ಟಿಸುವ ಔಷಧಿ ಸವರಿ ನೋಡಿದ್ದು. ಇವೆರಡೂ ಇವತ್ತು ಯಾವ ತಾಲೂಕು ಆಸ್ಪತ್ರೆಗೂ ನಿಲುಕದ ಸಂಗತಿಗಳಲ್ಲ.

ನೋವು ಕಿವಿಗೇಕೆ ಹೋಗುತ್ತದೆ ಎಂಬುದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಈ ಒಂಬತ್ತನೇ ನರ ನಾಲಿಗೆಯ ಹಿಂಭಾಗದ ಮೂರನೇ ಒಂದು ಪಾಲಿನ ರುಚಿ ಮತ್ತು ಸ್ಪರ್ಶ, ಟಾನ್ಸಿಲ್ ಸುತ್ತಲಿನ ಸಂವೇದನೆ, ಗಂಟಲಿನ ಹಿಂಗೋಡೆಯ ಸಂವೇದನೆ ಇವನ್ನೆಲ್ಲ ಮಿದುಳಿಗೆ ಒಯ್ಯುತ್ತದೆ. ಅದರದೇ ಒಂದು ಸಣ್ಣ ಕವಲು ನಡುಗಿವಿಗೆ ಹೋಗುತ್ತದೆ. ಪಕ್ಕದಲ್ಲೇ ಇರುವ ಹತ್ತನೇ ನರವೂ, ಅಂದರೆ ವೇಗಸ್ ನರವೂ, ಈ ನೋವಿನಲ್ಲಿ ಅನೇಕ ಸಲ ಪಾಲುಗೊಳ್ಳುತ್ತದೆ. ಹಾಗಾಗಿ ಕೆಲವರು ಗಂಟಲು ಎನ್ನುತ್ತಾರೆ, ಕೆಲವರು ಕಿವಿ ಎನ್ನುತ್ತಾರೆ, ಕೆಲವರು ದವಡೆಯ ಮೂಲೆಯನ್ನು ಒತ್ತಿ ತೋರಿಸುತ್ತಾರೆ. ಕಿವಿ ಎಂದವರಿಗೆ ಕಿವಿಯ ಡ್ರಾಪ್ಸ್ ಸಿಗುತ್ತದೆ, ಗಂಟಲು ಎಂದವರಿಗೆ ಆ್ಯಂಟಿಬಯೋಟಿಕ್, ದವಡೆ ಎಂದವರ ಹಲ್ಲು ಹೋಗುತ್ತದೆ. ಮುಖದ ನೋವು ತರುವ ಐದನೇ ನರದ ರೋಗ, ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಇದಕ್ಕಿಂತ ಹೆಚ್ಚು ಜನರಲ್ಲಿ ಕಾಣುತ್ತದೆ ಮತ್ತು ವೈದ್ಯರಿಗೂ ಪರಿಚಿತ. ಆದರೆ ಅದು ಕೆನ್ನೆ, ತುಟಿ, ವಸಡು ಮುಟ್ಟಿದರೆ, ಹಲ್ಲುಜ್ಜಿದರೆ, ಜಗಿದರೆ ಕೆರಳುತ್ತದೆ. ಇದು ಕೆರಳುವುದು ಮುಖ್ಯವಾಗಿ ನುಂಗಿದರೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಕೆಲವೇ. ಒಂದೇ ಮಗ್ಗುಲೋ, ಎರಡೂ ಕಡೆಯೋ? ಒಂದು ಸಲ ಬಂದರೆ ಎಷ್ಟು ಹೊತ್ತು ಇರುತ್ತದೆ? ಚುಚ್ಚಿದಂತೆಯೋ, ಉರಿದಂತೆಯೋ? ಏನು ಮಾಡಿದರೆ ಬರುತ್ತದೆ? ನಡುವೆ ಪೂರ್ತಿ ಬಿಡುತ್ತದೆಯೇ? ಅಂತರರಾಷ್ಟ್ರೀಯ ತಲೆನೋವು ಸಂಘ 2018ರಲ್ಲಿ ಪ್ರಕಟಿಸಿದ ವರ್ಗೀಕರಣದ ಮೂರನೇ ಆವೃತ್ತಿಯಲ್ಲಿ ಈ ರೋಗಕ್ಕೆ ಕೊಟ್ಟಿರುವ ಲಕ್ಷಣಗಳೂ ಇವೇ: ಒಂದು ಕಡೆಯ ತೀವ್ರ ನೋವು, ಕೆಲವು ಸೆಕೆಂಡಿನಿಂದ ಎರಡು ನಿಮಿಷ, ಶಾಕ್ ಹೊಡೆದಂತೆ ಅಥವಾ ಇರಿದಂತೆ, ನುಂಗುವುದು, ಕೆಮ್ಮು, ಮಾತು ಅಥವಾ ಆಕಳಿಕೆಯಿಂದ ಕೆರಳುವುದು. ಈ ಪಟ್ಟಿಯಲ್ಲಿ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಯಡ್ರಾಮಿಯ ಕಡೆಯ ಮುದುಕಿಯೊಬ್ಬಳು ‘ನುಂಗಿದ್ರ ಕಿವ್ಯಾಗ ಚಳಕ್ ಅಂತದ, ಮತ್ತ ಬಿಡತದ’ ಎಂದು ಹೇಳಿದರೆ ನಾಲ್ಕು ಲಕ್ಷಣಗಳಲ್ಲಿ ಮೂರನ್ನು ಆಕೆ ಆಗಲೇ ಹೇಳಿಯಾಯಿತು. ಉಳಿದದ್ದು ಯಾವ ಮಗ್ಗುಲು ಎಂದು ಕೇಳುವುದು.

ಆಮೇಲಿನ ಪರೀಕ್ಷೆ ಕಿವಿ-ಮೂಗು-ಗಂಟಲು ವೈದ್ಯರ ಮೇಜಿನ ಮೇಲೇ ಇರುತ್ತದೆ: ಲಿಗ್ನೋಕೇನ್ ಸ್ಪ್ರೇ. ಹಿಂದೆ ಇದಕ್ಕೆ ಕೊಕೇನಿನ ದ್ರಾವಣ ಬಳಸುತ್ತಿದ್ದರು, ಈಗ ಅದು ಬೇಕಿಲ್ಲ. ನೋವಿರುವ ಕಡೆಯ ಟಾನ್ಸಿಲ್ ಜಾಗಕ್ಕೂ ನಾಲಿಗೆಯ ಬುಡಕ್ಕೂ ಔಷಧಿ ಸಿಂಪಡಿಸಿ, ಅದು ಹಿಡಿಯುವವರೆಗೆ ಕಾದು, ರೋಗಿಗೆ ಉಗುಳು ನುಂಗಲು ಹೇಳಬೇಕು. ಅಷ್ಟು ದಿನ ಪ್ರತಿ ಸಲವೂ ಹೊಡೆಯುತ್ತಿದ್ದ ನೋವು ಔಷಧಿಯ ಪ್ರಭಾವ ಇರುವಷ್ಟು ಹೊತ್ತು ಬರದೇ ಹೋದರೆ ಅದು ಬಲವಾದ ಸುಳಿವು. ಮರಗಟ್ಟಿದ ಗಂಟಲಿನಲ್ಲಿ ಅನ್ನನೀರು ಶ್ವಾಸನಾಳಕ್ಕೆ ಇಳಿಯುವ ಅಪಾಯ ಇರುವುದರಿಂದ ಅದರ ಪ್ರಭಾವ ಇಳಿಯುವವರೆಗೆ ಊಟ ಕೂಡದು. ನೋವಿನ ಜೊತೆ ತಲೆತಿರುಗಿ ಬೀಳುವವರಾದರೆ ಇದನ್ನು ಹೃದಯದ ಬಡಿತ ಗಮನಿಸುವ ಏರ್ಪಾಡು ಇರುವಲ್ಲೇ ಮಾಡಬೇಕು. ಸ್ಪ್ರೇಯಿಂದ ನೋವು ನಿಲ್ಲಲಿಲ್ಲ ಎಂದ ಮಾತ್ರಕ್ಕೆ ರೋಗ ಇಲ್ಲ ಎನ್ನಲಾಗದು. ನೋವಿನ ಮೂಲ ಕಿವಿಯ ಕವಲಿನಲ್ಲಿದ್ದರೆ ಗಂಟಲಿನ ಸ್ಪ್ರೇ ಅಲ್ಲಿಗೆ ಮುಟ್ಟುವುದಿಲ್ಲ.

ಇಲ್ಲಿ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮದು ತಂಬಾಕು, ಗುಟ್ಕಾ ಜಗಿಯುವ ನಾಡು. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ನುಂಗಿದರೆ ನೋವು, ಅದು ಕಿವಿಗೆ ಹೋಗುತ್ತದೆ ಎಂದರೆ ಟಾನ್ಸಿಲಿನ, ನಾಲಿಗೆ ಬುಡದ, ಗಂಟಲಿನ ಕ್ಯಾನ್ಸರೂ ಆಗಿರಬಹುದು. ನರದ ನೋವು ಎಂದು ಗುಳಿಗೆ ಕೊಟ್ಟು ಕೂತರೆ ಕ್ಯಾನ್ಸರ್ ಬೆಳೆಯಲು ಬಿಟ್ಟಂತಾಗುವುದಿಲ್ಲವೇ? ಆಗುತ್ತದೆ, ಗಂಟಲು ನೋಡದೆ ಕೊಟ್ಟರೆ. ಕ್ಯಾನ್ಸರಿನ ನೋವು ಸಾಮಾನ್ಯವಾಗಿ ಹೀಗೆ ಬಂದು ಹೋಗಿ ಮಾಡುವುದಿಲ್ಲ, ದಿನೇದಿನೇ ಏರುತ್ತದೆ. ಕುತ್ತಿಗೆಯಲ್ಲಿ ಗಂಟು, ಉಗುಳಿನಲ್ಲಿ ರಕ್ತ, ದನಿ ಬದಲಾಗುವುದು, ತುತ್ತೇ ಇಳಿಯದಿರುವುದು ಜೊತೆಗಿರುತ್ತವೆ. ಆದರೂ ಗೆಡ್ಡೆಯೊಂದು ನರವನ್ನು ಒತ್ತಿ ಅಚ್ಚುಕಟ್ಟಾಗಿ ನರನೋವಿನ ವೇಷದಲ್ಲೇ ಬರಬಹುದು. ವೈಸೆನ್‌ಬರ್ಗ್ ಅವರ ಮೊದಲ ರೋಗಿಯೇ ಹಾಗಿದ್ದದ್ದು. ಇನ್ನೂ ಕಷ್ಟದ ಮಾತೆಂದರೆ ನರನೋವಿನ ಗುಳಿಗೆಗೆ ಗೆಡ್ಡೆಯ ನೋವೂ ಕೆಲವೊಮ್ಮೆ ತಗ್ಗುತ್ತದೆ. ಆದ್ದರಿಂದ ಇಂಥ ಪ್ರತಿಯೊಬ್ಬರ ಬಾಯಿ, ಟಾನ್ಸಿಲ್, ನಾಲಿಗೆಯ ಬುಡವನ್ನು ಬೆರಳಿನಿಂದ ಮುಟ್ಟಿ, ಎಂಡೋಸ್ಕೋಪ್ ಇಳಿಸಿ ನೋಡಲೇಬೇಕು. ಸಂಶಯವಿದ್ದರೆ ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಿದೆ. ಈ ಆಕ್ಷೇಪ ನನ್ನ ವಾದವನ್ನು ಬಲಪಡಿಸುತ್ತದೆ ಎಂದೇ ನನ್ನ ಭಾವನೆ. ಐದು ದಿನದ ಗುಳಿಗೆ ಕೊಟ್ಟು ಕಳಿಸುವ ಈಗಿನ ರೂಢಿಯಲ್ಲಿ ಕ್ಯಾನ್ಸರೂ ತಪ್ಪಿಹೋಗುತ್ತದೆ, ನರದ ನೋವೂ ತಪ್ಪಿಹೋಗುತ್ತದೆ. ನರನೋವು ಇರಬಹುದೇ ಎಂದು ಕೇಳುವ ವೈದ್ಯರು ಗಂಟಲಿನ ಒಳಗೆ ನೋಡದೆ ಮುಂದೆ ಹೋಗಲಾರರು.

ಇಷ್ಟೆಲ್ಲ ಕಷ್ಟಪಡುವ ಬದಲು ಮೊದಲೇ ಎಂಆರ್‌ಐ ಮಾಡಿಸಿದರಾಯಿತಲ್ಲ ಎನ್ನುವವರಿದ್ದಾರೆ. ಎಂಆರ್‌ಐ ಬೇಕು, ಅದರಲ್ಲಿ ಎರಡು ಮಾತಿಲ್ಲ. ಗೆಡ್ಡೆ, ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ಕಾರಣಗಳನ್ನು ಹುಡುಕಲು ಅದೇ ದಾರಿ. ಆದರೆ ರೋಗಿಯ ಮಾತನ್ನು ಕೇಳದೆ ತೆಗೆದ ಎಂಆರ್‌ಐ ಎರಡು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ಈ ನೋವಿಗೆ ಸಾಮಾನ್ಯ ಕಾರಣ, ನರ ಮಿದುಳುಕಾಂಡದಿಂದ ಹೊರಡುವ ಜಾಗದಲ್ಲಿ ರಕ್ತನಾಳವೊಂದು, ಹೆಚ್ಚಾಗಿ ಪಿಕಾ ಎಂದು ಕರೆಯುವ ಕಿರುಮಿದುಳಿನ ಅಪಧಮನಿ, ಬಾಗಿ ಅದರ ಮೇಲೆ ಕೂತು ಮಿಡಿಯುವುದು. ಬಡಿತದ ಒತ್ತಡಕ್ಕೆ ನರದ ಹೊದಿಕೆ ಸವೆಯುತ್ತದೆ. ಹೊದಿಕೆ ಸವೆದ ವೈರುಗಳು ಒಂದಕ್ಕೊಂದು ತಾಗಿದಂತೆ, ನುಂಗುವ ಸಾಧಾರಣ ಸ್ಪರ್ಶದ ಸಂಕೇತ ನೋವಿನ ತಂತುಗಳಿಗೆ ಜಿಗಿಯುತ್ತದೆ. ಈ ಸಣ್ಣ ರಕ್ತನಾಳ ಮಾಮೂಲಿ ಎಂಆರ್‌ಐಯಲ್ಲಿ ಕಾಣದೇ ಹೋಗಬಹುದು. ಫಿಯೆಸ್ಟಾ ಅಥವಾ ಸಿಸ್ ಎಂಬ ತೆಳುಪದರಗಳ ಚಿತ್ರಣವನ್ನೇ ಕೇಳಬೇಕು. ಹಾಗೆ ಕೇಳಬೇಕೆಂದರೆ ಚೀಟಿ ಬರೆಯುವವರಿಗೆ ಯಾವ ನರದ ಮೇಲೆ ಸಂಶಯ ಎಂದು ಗೊತ್ತಿರಬೇಕು. ಎರಡನೆಯದು ಇದರ ತದ್ವಿರುದ್ಧ: ಯಾವ ನೋವೂ ಇಲ್ಲದ ಆರೋಗ್ಯವಂತರಲ್ಲೂ ರಕ್ತನಾಳ ನರಕ್ಕೆ ತಾಗಿರುವುದು ಕಾಣುತ್ತದೆ. ಕಿವಿಯ ಕೆಳಗಿನ ಸ್ಟೈಲಾಯ್ಡ್ ಮೂಳೆಯದೂ ಇದೇ ಕಥೆ. ಆ ಮೂಳೆ ಉದ್ದ ಬೆಳೆದು ಗಂಟಲಿಗೆ ಚುಚ್ಚುವ ತೊಂದರೆಯನ್ನು 1937ರಲ್ಲಿ ವಾಟ್ ಈಗಲ್ ವಿವರಿಸಿದರು, ಈಗಲೂ ಅದಕ್ಕೆ ಅವರದೇ ಹೆಸರು. ಆದರೆ ಮೂಳೆ ಉದ್ದವಿರುವ ಬಹುಪಾಲು ಜನಕ್ಕೆ ನೋವೇ ಇಲ್ಲ. ಚಿತ್ರ ನೋಡಿ ಕತ್ತರಿಸುವುದಾದರೆ ಎಷ್ಟೋ ಜನರ ಮೂಳೆ ವ್ಯರ್ಥವಾಗಿ ಹೋದೀತು.

ರೋಗಿಯ ಮಾತಿಗೆ ಇನ್ನೊಂದು ಕಾರಣಕ್ಕೂ ಬೆಲೆಯಿದೆ. ಈ ನೋವು ಒಂದೇ ಸಮ ಇರುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತಾನಾಗಿಯೇ ಮಾಯವಾಗುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್ 1981ರಲ್ಲಿ ಪ್ರಕಟಿಸಿದ 217 ರೋಗಿಗಳ ವಿವರದಲ್ಲಿ ಸುಮಾರು ಮುಕ್ಕಾಲು ಪಾಲು ಜನಕ್ಕೆ ಹೀಗೆ ಬಿಡುವು ಸಿಕ್ಕಿತ್ತು. ಬಿಡುವು ಬರುವ ಹೊತ್ತಿಗೆ ಯಾವ ಚಿಕಿತ್ಸೆ ನಡೆದಿತ್ತೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಹಲ್ಲು ಕೀಳಿಸಿದ್ದು, ಟಾನ್ಸಿಲ್ ತೆಗೆಸಿದ್ದು, ಕುತ್ತಿಗೆಗೆ ಬರೆ ಹಾಕಿಸಿದ್ದು, ಕಟ್ಟಿಸಿದ ತಾಯಿತ ಎಲ್ಲವೂ ಫಲ ಕೊಟ್ಟಂತೆ ಕಾಣುತ್ತದೆ. ನೋವು ಮರಳಿದಾಗ ಮತ್ತೊಂದು ಹಲ್ಲಿನ ಸರದಿ. ಇದರಲ್ಲಿ ರೋಗಿಯ ಮೌಢ್ಯವನ್ನು ಹುಡುಕುವುದು ಅನ್ಯಾಯ. ಕಣ್ಣೆದುರು ನಡೆದದ್ದನ್ನು ನಂಬಿದ್ದಾರೆ, ಅಷ್ಟೇ. ಹಿಂದೆ ಎಂದಾದರೂ ಹೀಗೇ ಬಂದು ಹೋಗಿತ್ತೇ ಎಂದು ಕೇಳದ ನಾವು ತಪ್ಪಿತಸ್ಥರು.

ಕೆಲವರಲ್ಲಿ ಈ ರೋಗ ಬರಿಯ ನೋವಾಗಿ ಉಳಿಯುವುದಿಲ್ಲ. ಕುತ್ತಿಗೆಯ ಕ್ಯಾರೋಟಿಡ್ ಅಪಧಮನಿಯಲ್ಲಿ ರಕ್ತದೊತ್ತಡ ಅಳೆಯುವ ಜಾಗವೊಂದಿದೆ. ಅದರ ಸುದ್ದಿಯನ್ನು ಮಿದುಳಿಗೆ ಒಯ್ಯುವುದೂ ಇದೇ ಒಂಬತ್ತನೇ ನರ. ನೋವಿನ ಸಂಕೇತಗಳ ದಾಳಿ ಆ ದಾರಿಗೂ ಹರಿದರೆ ಮಿದುಳು ಅದನ್ನು ರಕ್ತದೊತ್ತಡ ಏರಿದೆ ಎಂದು ಓದಿಕೊಂಡು ವೇಗಸ್ ನರದ ಮೂಲಕ ಹೃದಯವನ್ನು ತಗ್ಗಿಸುತ್ತದೆ. ಬಡಿತ ನಿಧಾನವಾಗುತ್ತದೆ, ಕೆಲವು ಸೆಕೆಂಡು ನಿಂತೂ ಹೋಗುತ್ತದೆ, ಊಟದ ತಟ್ಟೆಯ ಮುಂದೆಯೇ ಮನುಷ್ಯ ಎಚ್ಚರ ತಪ್ಪಿ ಬೀಳುತ್ತಾನೆ. ಹೀಗಾಗುವವರು ಕಡಿಮೆ, ಆದರೆ ಪ್ರಾಣಕ್ಕೆ ಅಪಾಯ ಇರುವುದು ಇವರಿಗೇ. ಬಿದ್ದವರನ್ನು ಮನೆಯವರು ಹೃದಯದ ಆಸ್ಪತ್ರೆಗೆ ಒಯ್ಯುತ್ತಾರೆ, ಕಲಬುರಗಿಯಲ್ಲಿ ಈಗ ಜಯದೇವ ಆಸ್ಪತ್ರೆಯೂ ಇದೆ. ಅಲ್ಲಿ ತಲುಪುವ ಹೊತ್ತಿಗೆ ಇಸಿಜಿ ಸರಿಯಾಗಿರುತ್ತದೆ. ಬೀಳುವ ಮುಂಚೆ ಗಂಟಲಿನಲ್ಲಿ ನೋವು ಬಂದಿತ್ತು ಎಂಬ ಒಂದು ಮಾತು ಅಲ್ಲಿನ ವೈದ್ಯರ ಕಿವಿಗೆ ಬಿದ್ದರೆ ತನಿಖೆಯ ದಾರಿಯೇ ಬದಲಾಗುತ್ತದೆ. ಪೇಸ್‌ಮೇಕರ್ ಬೀಳುವುದನ್ನು ತಡೆಯಬಲ್ಲದು, ನೋವನ್ನು ತಡೆಯಲಾರದು.

ಇನ್ನು ಗುಳಿಗೆ. ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್‌ನಂಥ ಮಾಮೂಲಿ ನೋವುನಿವಾರಕಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಈ ನೋವು ಬಾವಿನಿಂದ ಬಂದದ್ದಲ್ಲ. ಬೇಕಾದದ್ದು ಕೆರಳಿದ ನರವನ್ನು ತಣಿಸುವ ಔಷಧಿ. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿಯಲ್ಲಿ ತಯಾರಾದ ಕಾರ್ಬಮಝೆಪಿನ್ ಮುಖದ ನರನೋವಿಗೆ ಫಲಕಾರಿ ಎಂದು 1962ರಲ್ಲಿ ವರದಿಯಾಯಿತು. ಗಂಟಲಿನ ನರನೋವಿಗೂ ಇಂದಿಗೂ ಮೊದಲ ಆಯ್ಕೆ ಅದೇ. ನಮ್ಮ ದೇಶದ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಬೆಲೆಯೂ ಕಡಿಮೆ. ಅದು ಹೊಂದದವರಿಗೆ ಆಕ್ಸ್‌ಕಾರ್ಬಝೆಪಿನ್, ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್, ಬ್ಯಾಕ್ಲೋಫೆನ್ ಇವೆ. ತಾಲೂಕು ಮಟ್ಟದಲ್ಲಿ ಇಂಥ ಔಷಧಿಯನ್ನು ಶುರು ಮಾಡುವುದು ಅಪಾಯವಲ್ಲವೇ ಎಂಬ ಪ್ರಶ್ನೆ ಸಹಜ. ಕಾರ್ಬಮಝೆಪಿನ್ ನಿದ್ದೆ, ತಲೆಸುತ್ತು ತರುತ್ತದೆ. ವಯಸ್ಸಾದವರ ರಕ್ತದಲ್ಲಿ ಸೋಡಿಯಂ ಇಳಿಸುತ್ತದೆ, ಬಿಳಿ ರಕ್ತಕಣ ತಗ್ಗಿಸಬಹುದು. ಕ್ಷಯಕ್ಕೆ ಐಸೋನಿಯಜಿಡ್ ತೆಗೆದುಕೊಳ್ಳುತ್ತಿರುವವರಲ್ಲಿ ಅದರ ಪ್ರಮಾಣ ರಕ್ತದಲ್ಲಿ ವಿಷದ ಮಟ್ಟಕ್ಕೆ ಏರಬಹುದು. ಗರ್ಭನಿರೋಧಕ ಗುಳಿಗೆಯ ಶಕ್ತಿ ಕುಂದಿಸುತ್ತದೆ, ಗರ್ಭಿಣಿಯರ ಶಿಶುವಿಗೆ ತೊಂದರೆ ಮಾಡಬಲ್ಲದು. ಎಲ್ಲಕ್ಕಿಂತ ಭಯದ್ದು, ಅಪರೂಪಕ್ಕೆ ಮೈಯ ಚರ್ಮವೇ ಸುಲಿದುಹೋಗುವ ಸ್ಟೀವನ್ಸ್-ಜಾನ್ಸನ್ ಕಾಯಿಲೆ. ಏಷ್ಯಾದ ಕೆಲವು ಜನಸಮುದಾಯಗಳಲ್ಲಿ ಒಂದು ಜೀನಿನ ಕಾರಣ ಇದರ ಸಾಧ್ಯತೆ ಹೆಚ್ಚೆಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2007ರಲ್ಲಿ ಎಚ್ಚರಿಸಿತು. ಇವೆಲ್ಲ ನಿಜ. ಆದರೆ ಇದೇ ಗುಳಿಗೆಯನ್ನು ಇವೇ ಅಪಾಯಗಳ ಜೊತೆ ಮೂರ್ಛೆರೋಗಿಗಳಿಗೆ ಹಳ್ಳಿಹಳ್ಳಿಯಲ್ಲಿ ಕೊಡುತ್ತಲೇ ಬಂದಿದ್ದೇವೆ. ಸಣ್ಣ ಪ್ರಮಾಣದಿಂದ ಶುರು ಮಾಡಿ ನಿಧಾನಕ್ಕೆ ಏರಿಸುವುದು, ಶುರುವಿಗೆ ಮುಂಚೆ ಮತ್ತು ಆಮೇಲೆ ರಕ್ತ ಪರೀಕ್ಷಿಸುವುದು, ಮೊದಲ ಎರಡು ತಿಂಗಳಲ್ಲಿ ಮೈಮೇಲೆ ದದ್ದು, ಬಾಯಿಹುಣ್ಣು, ಕಣ್ಣು ಕೆಂಪಾಗುವುದು, ಜ್ವರ ಕಂಡರೆ ಆ ಹೊತ್ತಿಗೇ ಗುಳಿಗೆ ನಿಲ್ಲಿಸಿ ದವಾಖಾನೆಗೆ ಬರಬೇಕೆಂದು ರೋಗಿಗೂ ಮನೆಯವರಿಗೂ ತಿಳಿಯುವಂತೆ ಹೇಳುವುದು ತಾಲೂಕು ವೈದ್ಯರ ಕೈಮೀರಿದ ಕೆಲಸವೇನಲ್ಲ. ವೈದ್ಯರಿಲ್ಲದೆ, ಅಂಗಡಿಯಿಂದ ಹೆಸರು ಹೇಳಿ ಕೊಂಡು ನುಂಗುವುದು ಮಾತ್ರ ಖಂಡಿತ ಕೂಡದು.

ಗುಳಿಗೆ ಸಾಲದಾದವರಿಗೆ, ಅಥವಾ ಅದರ ಅಡ್ಡಪರಿಣಾಮ ತಾಳಲಾರದವರಿಗೆ ಶಸ್ತ್ರಚಿಕಿತ್ಸೆ. ಕಿವಿಯ ಹಿಂದೆ ಬುರುಡೆಯಲ್ಲಿ ನಾಣ್ಯದಷ್ಟು ಅಗಲದ ಕಿಂಡಿ ಮಾಡಿ, ಸೂಕ್ಷ್ಮದರ್ಶಕದ ಕೆಳಗೆ ನರದ ಮೇಲಿನ ರಕ್ತನಾಳವನ್ನು ಎತ್ತಿ, ನಡುವೆ ಟೆಫ್ಲಾನಿನ ಚಿಕ್ಕ ತುಣುಕು ಇಡುತ್ತಾರೆ. ಈ ನರಕ್ಕೆ ಈ ವಿಧಾನವನ್ನು 1977ರಲ್ಲಿ ಲಾಹಾ ಮತ್ತು ಜನೆಟಾ ವರದಿ ಮಾಡಿದರು. ಅನುಭವಿ ಕೈಗಳಲ್ಲಿ ಹತ್ತರಲ್ಲಿ ಎಂಟೊಂಬತ್ತು ಮಂದಿಗೆ ನೋವು ಹೋಗುತ್ತದೆ. ಕೆಲವರಿಗೆ ದನಿ ಒಡೆಯುವುದು, ನುಂಗಲು ಕಷ್ಟವಾಗುವುದು, ಕಿವಿ ಮಂದವಾಗುವುದು ಉಂಟು. ಶಸ್ತ್ರಚಿಕಿತ್ಸೆ ತಾಳಲಾರದವರಿಗೆ ನರದ ಸುತ್ತ ಇಂಜೆಕ್ಷನ್, ಗಾಮಾ ನೈಫ್ ವಿಕಿರಣದಂಥ ದಾರಿಗಳಿವೆ. ಇವಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗೇ ಹೋಗಬೇಕು. ಯಡ್ರಾಮಿಯಿಂದ ಜೇವರ್ಗಿ, ಕಟ್ಟಿಸಂಗಾವಿಯಲ್ಲಿ ಭೀಮೆಯ ಸೇತುವೆ ದಾಟಿ ಕಲಬುರಗಿ, ಅಲ್ಲಿಂದ ರಾತ್ರಿಯ ರೈಲಿನಲ್ಲಿ ಬೆಂಗಳೂರು. ತೊಗರಿ ರಾಶಿಯ ದಿನಗಳಲ್ಲಿ ಕೂಲಿ ಬಿಟ್ಟು ಇಬ್ಬರು ಈ ದಾರಿ ಹಿಡಿಯುವುದು ಸಣ್ಣ ಖರ್ಚಲ್ಲ. ಊರಲ್ಲೇ ರೋಗದ ಹೆಸರು ತಿಳಿದು, ಗುಳಿಗೆ ತಗೊಂಡು, ಅದು ಸಾಲದೆಂದು ಗೊತ್ತಾದ ಮೇಲೆ ಹೊರಟವರಿಗೆ ಆ ಖರ್ಚು ಒಂದು ಸಲದ್ದು. ಹೆಸರು ತಿಳಿಯದೆ ಕಲಬುರಗಿ, ಸೊಲ್ಲಾಪುರ, ಹೈದರಾಬಾದ್ ಎಂದು ಅಲೆದವರಿಗೆ ಅದಕ್ಕೆ ಲೆಕ್ಕವಿಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ನೆರವು ಕೇಳಲೂ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿಯಿಂದಲೇ ಶುರು ಮಾಡಬೇಕು.

ಕೊನೆಯ ಆಕ್ಷೇಪ ಎಣಿಕೆಯದು. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಎರಡರಿಂದ ಎಂಟು ಮಂದಿಗೆ ಹೊಸದಾಗಿ ಬರುವ ರೋಗಕ್ಕೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು? ಹೊರದೇಶಗಳ ಈ ಅಂದಾಜನ್ನೇ ಇಟ್ಟುಕೊಂಡು, 2011ರ ಜನಗಣತಿಯಲ್ಲಿ 25.66 ಲಕ್ಷ ಜನರಿದ್ದ ಕಲಬುರಗಿ ಜಿಲ್ಲೆಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಐದರಿಂದ ಇಪ್ಪತ್ತು ಹೊಸ ರೋಗಿಗಳು ಬರುತ್ತಾರೆ. ಬಿಟ್ಟು ಬಿಟ್ಟು ವರ್ಷಗಟ್ಟಲೆ ಕಾಡುವ ನೋವಾದ್ದರಿಂದ ಹಳಬರೂ ಸೇರುತ್ತ ಹೋಗುತ್ತಾರೆ, ಹೆಚ್ಚಿನವರು ಐವತ್ತು ದಾಟಿದವರು. ಇವರಿಗಾಗಿ ಹೊಸ ಯೋಜನೆ ಬೇಕೆಂದು ಯಾರೂ ಕೇಳುತ್ತಿಲ್ಲ. ರಾಜ್ಯ ಸರ್ಕಾರವೂ ನಿಮ್ಹಾನ್ಸ್ ಸಂಸ್ಥೆಯೂ ಸೇರಿ 2022ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನಲ್ಲಿ ಶುರು ಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಈಗಾಗಲೇ ಸರ್ಕಾರಿ ವೈದ್ಯರಿಗೆ ತಲೆನೋವು, ಪಾರ್ಶ್ವವಾಯು, ಮೂರ್ಛೆರೋಗ, ಮರೆವಿನ ರೋಗಗಳ ತರಬೇತಿ ಕೊಡುತ್ತಿದೆ. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಮುಖದ ಮತ್ತು ಗಂಟಲಿನ ನರನೋವುಗಳು ತಲೆನೋವಿನ ಪುಸ್ತಕದಲ್ಲೇ ಇವೆ. ತರಬೇತಿಯ ತಲೆನೋವಿನ ಪಾಠಕ್ಕೆ ಇವೆರಡನ್ನೂ ಸೇರಿಸಿ, ಗಂಟಲು ಪರೀಕ್ಷೆ ಮತ್ತು ಸ್ಪ್ರೇಯನ್ನು ಒಂದು ಸಲ ಕೈಯಾರೆ ಮಾಡಿಸಬೇಕು. ಜಿಲ್ಲೆಗೆ ಕಳಿಸುವ ಚೀಟಿಯಲ್ಲಿ ‘ಗಂಟಲು ನೋವು’ ಎಂಬ ಎರಡೇ ಪದ ಬರೆಯುವ ಬದಲು ಯಾವ ಮಗ್ಗುಲು, ಎಷ್ಟು ಸೆಕೆಂಡು, ಏನು ಮಾಡಿದರೆ ಬರುತ್ತದೆ, ಸ್ಪ್ರೇ ಹಾಕಿದಾಗ ಏನಾಯಿತು, ಎಚ್ಚರ ತಪ್ಪಿತ್ತೇ, ಗುಳಿಗೆಯನ್ನು ಎಷ್ಟು ದಿನ ಕೊಡಲಾಗಿತ್ತು ಎಂದು ಬರೆಯಲು ಕಲಿಸಬೇಕು. ಕಲಬುರಗಿಯಲ್ಲೋ ಬೆಂಗಳೂರಿನಲ್ಲೋ ಆ ಚೀಟಿ ಓದುವ ನರತಜ್ಞರು ರೋಗಿ ಕುರ್ಚಿಯಲ್ಲಿ ಕೂರುವ ಮುಂಚೆಯೇ ಯಾವ ಎಂಆರ್‌ಐ ಬೇಕು ಎಂದು ಹೇಳಬಲ್ಲರು.